ಕರಾವಳಿಯ ಮಳೆಗಾಲದಲ್ಲಿ .32 ಲಾಂಗ್: ಎಂಟು ವರ್ಷ ಇಟ್ಟುಕೊಂಡವನ ಅಭಿಪ್ರಾಯ

"ಒಂದೇ ಒಂದು ಕ್ಯಾಲಿಬರ್ ಇಟ್ಟುಕೊಳ್ಳುದಾದ್ರೆ ಯಾವುದು ಭಾವ?" ಮುಂಬೈಯಿಂದ ರಜೆಗೆ ಬರುವ ನನ್ನ ಹೆಂಡತಿಯ ತಮ್ಮ ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಕ್ಯಾಲಿಬರ್ ಅಂದರೆ ಪಿಸ್ತೂಲು, ರಿವಾಲ್ವರಿನ ನಳಿಗೆಯ, ಅದಕ್ಕೆ ಹಾಕುವ ಗುಂಡಿನ ಅಳತೆ; ಎಂಎಂ ಅಂದರೆ ಮಿಲಿಮೀಟರಿನಲ್ಲಿ, ಮುಂದೆ ಚುಕ್ಕೆ ಇದ್ದರೆ ಇಂಚಿನಲ್ಲಿ. ಅವನು ಅಮೆರಿಕದವರ ವಿಡಿಯೋಗಳನ್ನು ಅರೆದು ಕುಡಿದು ಬಂದಿರುತ್ತಾನೆ. ಬಾಳೆ ಎಲೆ ಹಾಕುವ ಹೊತ್ತಿಗೇ 9 ಎಂಎಂ, .45, 10 ಎಂಎಂ ಅಂತ ಶುರು. ನನ್ನ ಉತ್ತರ ಎಂಟು ವರ್ಷದಿಂದ ಬದಲಾಗಿಲ್ಲ: ರಿವಾಲ್ವರಿಗೆ ಹಾಕುವ .32 ಲಾಂಗ್ ತೋಟೆ. "ಅಷ್ಟು ಸಣ್ಣದಾ?" ಅನ್ನುತ್ತಾನೆ. ಹೌದು ಮಾರಾಯ, ಅಷ್ಟು ಸಣ್ಣದೇ.

ಕಾರ್ಕಳದ ಹತ್ತಿರ ನಮ್ಮದು ಅಡಿಕೆ ಖರೀದಿ ವ್ಯಾಪಾರ. ಅಪ್ಪನ ಕಾಲದಲ್ಲಿ ಎಲ್ಲವೂ ನಗದು. ಚೀಲದಲ್ಲಿ ದುಡ್ಡು ತುಂಬಿಕೊಂಡು ಕತ್ತಲಾದ ಮೇಲೆ ಕಾಡು ದಾರಿಯಲ್ಲಿ ಜೀಪಿನಲ್ಲಿ ಬರುವ ಕೆಲಸ. ಅದಕ್ಕಾಗಿ ಅವರು ಲೈಸೆನ್ಸ್ ಮಾಡಿಸಿ ಒಂದು ವಿದೇಶಿ ರಿವಾಲ್ವರ್ ತೆಗೆದುಕೊಂಡಿದ್ದರು. ಜನಸಾಮಾನ್ಯರಿಗೆ ವಿದೇಶಿ ಆಯುಧದ ಆಮದು 1980ರ ದಶಕದಲ್ಲಿ ನಿಲ್ಲುವುದಕ್ಕೆ ಮೊದಲಿನ ಮಾಲು ಅದು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಆಯುಧ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಮನೆಯವರ ಹೆಸರಿಗೆ ಮಾಡಿಕೊಡಲು 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. ಹಾಗೆ 2017ರಲ್ಲಿ ಅದು ನನ್ನ ಹೆಸರಿಗೆ ಬಂತು. ಅಂದರೆ ನಿಜ ಹೇಳಬೇಕೆಂದರೆ ಕ್ಯಾಲಿಬರನ್ನು ನಾನು ಆರಿಸಿಕೊಳ್ಳಲಿಲ್ಲ, ಗದ್ದೆಯ ಪಹಣಿ ಬಂದ ಹಾಗೆ ಬಂತು. ಆದರೆ ಈಗ ಬದಲಾಯಿಸುತ್ತೀಯಾ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. ಯಾಕೆ ಅನ್ನುವುದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲು ಭಾವಮೈದುನನ ಪಟ್ಟಿಯನ್ನು ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ಕ್ಯಾಲಿಬರ್ ಆರಿಸುವುದು ಅಂದರೆ ಹೋಟೆಲಿನ ಮೆನು ಅಲ್ಲ, ಮದುವೆ ಊಟ. ಬಡಿಸಿದ್ದನ್ನು ಉಣ್ಣಬೇಕು. 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರ್ (ಬೋರ್ ಅಂದರೂ ನಳಿಗೆಯ ಅಳತೆಯೇ). ಸೈನ್ಯ, ಪೊಲೀಸರು ಬಳಸುವ, ಬಳಸುತ್ತಿದ್ದ ಅಳತೆಗಳು ಅನ್ನುವ ಕಾರಣಕ್ಕೆ ನಮ್ಮಂಥವರ ಲೈಸೆನ್ಸಿಗೆ ಅವು ದಕ್ಕುವುದಿಲ್ಲ. ತಮಾಷೆ ಎಂದರೆ ಅವಕ್ಕಿಂತ ಜೋರಾದ .357 ಮ್ಯಾಗ್ನಮ್, ದಪ್ಪ ಗುಂಡಿನ .45 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲಿನದ್ದು) ಆ ಪಟ್ಟಿಯಲ್ಲಿ ಇಲ್ಲ. ಹಾಗಂತ ಹಿಗ್ಗಬೇಡಿ. ಅಂಥ ಹಳೇ ಪಿಸ್ತೂಲುಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ, ಅವುಗಳ ತೋಟೆಯನ್ನು ನಾನು ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಕಂಡಿಲ್ಲ. ಕೊನೆಗೆ ಉಳಿಯುವುದು .22 ಮತ್ತು .32.

.32ರಲ್ಲೂ ಎರಡು ಜಾತಿ. ಮೊದಲ ಸಲ ತೋಟೆ ತರಲು ಹೋದಾಗ ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಬೆಪ್ಪನಾದೆ. ರಿವಾಲ್ವರಿನದ್ದು .32 ಸ್ಮಿತ್ ಆಂಡ್ ವೆಸನ್ ಲಾಂಗ್, 1896ರದ್ದು. ಪಿಸ್ತೂಲಿನದ್ದು .32 ಎಸಿಪಿ, ಅಮೆರಿಕದ ಆಯುಧ ವಿನ್ಯಾಸಕ ಜಾನ್ ಬ್ರೌನಿಂಗ್ ಸಾಹೇಬರ ವಿನ್ಯಾಸ, 1899ರದ್ದು. ಹೆಸರಿನಲ್ಲಿ ಮಾತ್ರ ಅಣ್ಣತಮ್ಮಂದಿರು, ಒಂದರ ಬದಲು ಇನ್ನೊಂದನ್ನು ಹಾಕುವ ಹಾಗಿಲ್ಲ. ಲಾಂಗ್‌ನ ಗುಂಡು ಸುಮಾರು 98 ಗ್ರೇನ್, ಅಂದರೆ ಆರೂಕಾಲು ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 215 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 150 ಜೂಲಿನ ಆಸುಪಾಸು, 9 ಎಂಎಂನ ಮೂರನೇ ಒಂದು ಪಾಲೂ ಇಲ್ಲ. ಭಾವಮೈದುನ ನಗುವುದು ಈ ಲೆಕ್ಕಕ್ಕೇ. ಆದರೆ ಇದು ಹುಟ್ಟಿದ ಕಾಲದಲ್ಲಿ ನ್ಯೂಯಾರ್ಕ್ ಪೊಲೀಸರಿಗೆ .32 ಅಳತೆಯ ಕೋಲ್ಟ್ ರಿವಾಲ್ವರ್ ಕೊಡಿಸಿದವರು ಆಗ ಅಲ್ಲಿ ಪೊಲೀಸ್ ಕಮಿಷನರ್ ಆಗಿದ್ದ ಥಿಯೋಡೋರ್ ರೂಸ್‌ವೆಲ್ಟ್. ಆಮೇಲೆ ಅಮೆರಿಕದ ಅಧ್ಯಕ್ಷರಾದವರು.

ಶಕ್ತಿಯ ಲೆಕ್ಕ ಕಾಗದದ್ದು. ಕೈಯ ಲೆಕ್ಕ ನನಗೆ ತಿಳಿದದ್ದು ಬೆಂಗಳೂರಿನ ಒಂದು ಶೂಟಿಂಗ್ ರೇಂಜಿನಲ್ಲಿ. ವರ್ಷಕ್ಕೆ ಒಂದೆರಡು ಸಲ ಕೆಲಸದ ಮೇಲೆ ಹೋದಾಗ ಅಲ್ಲಿ ಅಭ್ಯಾಸ ಮಾಡಿ ಬರುತ್ತೇನೆ. ನಿವೃತ್ತ ಸೈನ್ಯಾಧಿಕಾರಿಯೊಬ್ಬರು ಒಮ್ಮೆ ತಮ್ಮ ಎದುರೇ ಅವರ .45ರಲ್ಲಿ ಆರು ಹೊಡೆಯಲು ಕೊಟ್ಟರು. ಮೊದಲನೆಯದಕ್ಕೇ ಮೊಣಕೈವರೆಗೆ ಜುಮ್ಮೆಂದಿತು. ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು. ಆರರಲ್ಲಿ ಮೂರು ಕಾಗದಕ್ಕೇ ತಾಗಲಿಲ್ಲ. ಆಮೇಲೆ ನನ್ನ .32ರಲ್ಲಿ ಆರು. ಹತ್ತು ಮೀಟರಿನಲ್ಲಿ ಆರೂ ಒಂದು ಗೆರಟೆ ಮುಚ್ಚುವಷ್ಟು ಜಾಗದಲ್ಲಿ. ಆ ಅಧಿಕಾರಿ ಕಾಗದ ನೋಡಿ, "ತಾಗದ ಆನೆಗಿಂತ ತಾಗಿದ ಇರುವೆ ವಾಸಿ" ಅಂದರು. ಅವರು ಘಟ್ಟದ ಮೇಲಿನವರು, ಮಾತು ಚೆನ್ನಾಗಿಯೇ ಆಡುತ್ತಿದ್ದರು.

ಈ ತೋಟೆ ಮೆದು ಅನ್ನುವುದೇ ಇದರ ಗುಣ ಅನ್ನುವುದಕ್ಕೆ ನನ್ನ ಸಾಕ್ಷಿ ಒಂದೇ ಅಲ್ಲ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಅಂತ ಒಂದು ಸ್ಪರ್ಧೆ ಇದೆ. ನಮ್ಮ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿ ಚಿನ್ನ ತಂದದ್ದು ಇದರಲ್ಲೇ. (ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಅವರ ಕೋಚ್ ಅಂದರೆ ಈಗಿನ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.) ಆ ಸ್ಪರ್ಧೆಯಲ್ಲಿ 9 ಎಂಎಂಗಿಂತ ದಪ್ಪದ್ದಕ್ಕೂ ಅವಕಾಶ ಇದ್ದರೂ ಜಗತ್ತಿನ ಬಹಳ ಮಂದಿ ಹಿಡಿಯುವುದು .32 ಲಾಂಗ್‌ನ್ನೇ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿನದ್ದು. ಕಚೇರಿಯ ಪಂಚಿಂಗ್ ಮಷೀನಿನಲ್ಲಿ ತೂತು ಹೊಡೆದ ಹಾಗೆ ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ.

ಇನ್ನು ನಮ್ಮ ಊರಿನ ಕಷ್ಟ. ಜೂನ್ ಹತ್ತಕ್ಕೆ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಒಣಗಿದ್ದು ಅಂತ ಯಾವುದೂ ಇಲ್ಲ. ಕಪಾಟಿನ ಬಟ್ಟೆಗೆ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಅಂಥಲ್ಲಿ ಕಬ್ಬಿಣದ ಸಾಮಾನು ಇಟ್ಟುಕೊಳ್ಳುವುದು ಸಣ್ಣ ಮಗುವನ್ನು ಸಾಕಿದ ಹಾಗೆ. ಅಪ್ಪ ತೆಂಗಿನೆಣ್ಣೆ ಸವರುತ್ತಿದ್ದರು. ಮನೆಯಲ್ಲಿ ಅದಕ್ಕೇನೂ ಬರಗಾಲ ಇರಲಿಲ್ಲವಲ್ಲ. ನಾನು ಮೊದಲ ಸಲ ಬಿಚ್ಚಿಸಿ ನೋಡಿದಾಗ ಸಿಲಿಂಡರಿನ ಅಡಿಯಲ್ಲಿ ಆ ಎಣ್ಣೆ ಅಂಟಾಗಿ, ಹಲಸಿನ ಮೇಣದ ಹಾಗೆ ಹಿಡಿದುಕೊಂಡಿತ್ತು. ಈಗ ಹೊಲಿಗೆ ಮಷೀನಿನ ಎಣ್ಣೆ, ತೆಳ್ಳಗೆ ಒಂದೇ ಕೈ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ.

ಇನ್ನೊಂದು ಪಾಠ ದುಡ್ಡು ಕೊಟ್ಟು ಕಲಿತದ್ದು. ಅಪ್ಪನದ್ದೊಂದು ಚಂದದ ಚರ್ಮದ ಪಟ್ಟಿ ಇತ್ತು, ತೋಟೆ ಸಿಕ್ಕಿಸಿಡುವುದಕ್ಕೆ. 2018ರ ಮಳೆಗಾಲ ಮುಗಿದ ಮೇಲೆ ತೆಗೆದು ನೋಡುತ್ತೇನೆ, ಪ್ರತಿ ತೋಟೆಯ ಸೊಂಟಕ್ಕೂ ಹಸಿರು ಕಿಲುಬು, ದೇವರ ಕೋಣೆಯ ತೊಳೆಯದ ಹಿತ್ತಾಳೆ ದೀಪದ ಹಾಗೆ. ಚರ್ಮ ಹದ ಮಾಡುವ ರಾಸಾಯನಿಕಕ್ಕೂ ಹಿತ್ತಾಳೆಗೂ ಆಗಿಬರುವುದಿಲ್ಲ, ತೇವ ಸೇರಿದರೆ ಕೇಳುವುದೇ ಬೇಡ. ಆ ಹನ್ನೆರಡನ್ನು ನಾನು ಹೊಡೆಯಲಿಲ್ಲ, ಅಂಗಡಿಯವರಿಗೆ ಲೆಕ್ಕ ಕೊಟ್ಟು ಒಪ್ಪಿಸಿದೆ. ಈಗ ತೋಟೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ರಿವಾಲ್ವರ್ ಬೇರೆ ಕಪಾಟಿನಲ್ಲಿ, ಬೇರೆ ಬೀಗದಲ್ಲಿ. ಎರಡು ಕೀಲಿಕೈ ಎರಡು ಕಡೆ.

ಚುನಾವಣೆ ಬಂದರೆ ಮಾತ್ರ ಈ ಉಪಚಾರ ನನ್ನ ಕೈಯಲ್ಲಿಲ್ಲ. ದಿನಾಂಕ ಘೋಷಣೆಯಾದರೆ ನಮ್ಮ ಜಿಲ್ಲೆಯ ತೋಟದವರೆಲ್ಲ ಬೆಳೆ ರಕ್ಷಣೆಯ ಕೋವಿ ಹೊತ್ತುಕೊಂಡು ಠಾಣೆಗೆ ಸಾಲು. ನಾನೂ 2018, 2019, 2023, 2024 ಹೀಗೆ ನಾಲ್ಕು ಸಲ ಒಪ್ಪಿಸಿ ಬಂದಿದ್ದೇನೆ. ಕೋವಿಗಳ ಸಾಲಿನಲ್ಲಿ ನಾನು ಸಣ್ಣ ಪೊಟ್ಟಣ ಹಿಡಿದು ನಿಂತರೆ ಪಕ್ಕದವರು, "ಎಂತ ಮಾರ್ರೆ, ಬಾಕಿ ತುಂಡು ಮನೆಯಲ್ಲಿ ಬಿಟ್ಟು ಬಂದ್ರಾ?" ಅಂತ ಕೇಳಿದ್ದೂ ಉಂಟು. ಒಮ್ಮೆ ವಾಪಸು ಬಂದಾಗ ನಳಿಗೆಯ ಬಾಯಲ್ಲಿ ಕಂದು ಹುಡಿ ಕೂತಿತ್ತು. ಅಂದಿನಿಂದ ಕೊಡುವ ಹಿಂದಿನ ದಿನ ಒಳಗೆ ಹೊರಗೆ ಗ್ರೀಸ್ ಹಾಕಿ, ಎಣ್ಣೆ ಕಾಗದ ಸುತ್ತಿ, ಮೇಲೆ ಹೆಸರಿನ ಚೀಟಿ ಕಟ್ಟಿ ಕೊಡುತ್ತೇನೆ. ರಶೀದಿಯ ಜೆರಾಕ್ಸ್ ಎರಡು ಪ್ರತಿ. ಲೈಸೆನ್ಸ್ ನವೀಕರಣ ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯಿಂದ ಐದು ವರ್ಷ ಆಯಿತು. ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಓಡಾಟ ಅಷ್ಟು ಕಡಿಮೆ.

ಇಷ್ಟೆಲ್ಲ ಮಾಡಿ ಪ್ರಯೋಜನ ಬಿತ್ತಾ ಅಂತ ಕೇಳುವವರಿದ್ದಾರೆ. ಎಂಟು ವರ್ಷದಲ್ಲಿ ಕಾಗದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಗುರಿ ಇಟ್ಟಿಲ್ಲ. ಒಮ್ಮೆ ಮಧ್ಯರಾತ್ರಿ ಮಾಡಿನ ಮೇಲೆ ಹೆಂಚು ಸರಿಸಿದ ಸದ್ದಾಯಿತು. ಹೆಂಡತಿ ಎಬ್ಬಿಸಿದಳು. ನನ್ನ ಕೈ ಹೋದದ್ದು ಟಾರ್ಚಿಗೆ. ಪುನುಗು ಬೆಕ್ಕು ಬಚ್ಚಲಿನ ಮಾಡಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಎರಡು ಬೀಗ ತೆಗೆಯುವಷ್ಟರಲ್ಲಿ ಅದು ಪೇರಳೆ ತಿಂದು ಮುಗಿಸಿರುತ್ತಿತ್ತು. ವ್ಯಾಪಾರದ ದುಡ್ಡೂ ಈಗ ಬಹುಪಾಲು ಬ್ಯಾಂಕಿನಿಂದ ಬ್ಯಾಂಕಿಗೇ. ತೋಟಕ್ಕೆ ಬರುವ ಹಂದಿ ಓಡಿಸಲು ಆಗುತ್ತದಾ ಅಂತ ನೆರೆಮನೆಯವರು ಕೇಳುತ್ತಾರೆ. ಆಗುವುದಿಲ್ಲ. ನನ್ನ ಲೈಸೆನ್ಸ್ ಆತ್ಮರಕ್ಷಣೆಗೆ ಮಾತ್ರ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾನ್ಪುರದ ಸರ್ಕಾರಿ ಕಾರ್ಖಾನೆಯವರು 2014ರಲ್ಲಿ ಇದೇ ಅಳತೆಯಲ್ಲಿ ಟೈಟಾನಿಯಂ ಮಿಶ್ರಲೋಹದ 'ನಿರ್ಭೀಕ್' ರಿವಾಲ್ವರ್ ತಂದರು, ತೂಕ ಅರ್ಧ ಕಿಲೋ. ಗೆಳೆಯರೊಬ್ಬರದ್ದನ್ನು ಹಿಡಿದು ನೋಡಿದ್ದೇನೆ. ಚೀಲದಲ್ಲಿ ಹೊರುವವರಿಗೆ ಸುಖ. ನನಗೆ ಮಾತ್ರ ಅಪ್ಪನ ಭಾರದ ಉಕ್ಕೇ ಹಿತ, ಹೊಡೆದಾಗ ಅಲುಗುವುದು ಕಡಿಮೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ನಕ್ಷತ್ರ ತೋಟೆಯ ಲೆಕ್ಕಕ್ಕೆ. ಒಂದು ಕಂತಿನಲ್ಲಿ ಬಂದ 25ರಲ್ಲಿ ಎರಡು ಸಿಡಿಯಲೇ ಇಲ್ಲ. ಟ್ರಿಗರ್ ಎಳೆದಾಗ ಬರೀ 'ಟಕ್'. ಹಾಗಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಅಲ್ಲಾಡದೆ ನಿಲ್ಲಬೇಕು, ತಡವಾಗಿ ಸಿಡಿದರೂ ಸಿಡಿಯಬಹುದು. ಆ ಮೂವತ್ತು ಸೆಕೆಂಡು ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ಸಿಡಿಯದ ತೋಟೆಗಿಂತ ಸಿಗದ ತೋಟೆಯ ಕಾಟ ಜಾಸ್ತಿ. ಹೊಸದಾಗಿ ತೆಗೆದುಕೊಳ್ಳುವವರು ಕೋವಿ ಅಂಗಡಿಯಲ್ಲಿ ರಿವಾಲ್ವರಿನ ಬೆಲೆ ಕೇಳುವ ಮೊದಲು ತೋಟೆ ಎಷ್ಟು ಇದೆ, ಮತ್ತೆ ಯಾವಾಗ ಬರುತ್ತದೆ ಅಂತ ಕೇಳಿ. ಭಾವಮೈದುನನ ಮಗಳು ಶಾಲೆಯಲ್ಲಿ ಏರ್ ಪಿಸ್ತೂಲ್ ಹಿಡಿಯಲು ಶುರು ಮಾಡಿದ್ದಾಳಂತೆ, ಅವಳಿಗೆ ಮುಂದಿನದ್ದು .22 ಅಂತ ಹೇಳಿದ್ದೇನೆ. ಬೆಲೆಯೂ ಕಡಿಮೆ, ಅಭ್ಯಾಸಕ್ಕೂ ಅದೇ ಸರಿ.

ನನ್ನ ಡಬ್ಬಿಯಲ್ಲಿ ಈಗ ಉಳಿದದ್ದು ಹದಿನಾಲ್ಕು. ಮೊನ್ನೆ ಮಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. "ಹನ್ನೆರಡು ಬೋರಿಂದು ಎಷ್ಟು ಬೇಕು ಹೇಳಿ, ಈಗಲೇ ಕೊಡ್ತೇನೆ. ಮೂವತ್ತೆರಡು ಬಂದಿಲ್ಲ ಮಾರ್ರೆ, ದೀಪಾವಳಿ ಕಳೆದು ಒಂದು ಫೋನ್ ಮಾಡಿ" ಅಂದರು.