ಬಾಯಾರಿದಾಗ ನೀರು ಕುಡಿದ ಪ್ರಯಾಣ: ಕರಾವಳಿಯಲ್ಲಿ ಕ್ಯಾಂಪರ್ ವ್ಯಾನಿನ ಐದು ದಿನ

ನಮ್ಮ ಅತ್ತೆಯವರಿಗೆ ಈಗ 73 ವರ್ಷ. ಮಂಡಿ ನೋವಿದೆ, ಸಕ್ಕರೆ ಕಾಯಿಲೆಯೂ ಇದೆ. ಊರು ಬಿಟ್ಟು ಹೊರಟ ದಿನ ಬೆಳಗಿನ ಕಾಫಿ ಮುಗಿದ ಮೇಲೆ ಅವರು ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ಕಾಲಿಡುವ ಹಾಗಿರುವುದಿಲ್ಲ, ಕಾಲಿಟ್ಟರೂ ಕುಳಿತು ಏಳಲು ಮಂಡಿ ಬಿಡುವುದಿಲ್ಲ. ಹಾಸನದಿಂದ ಧರ್ಮಸ್ಥಳಕ್ಕೆ ಹೋಗಿ ಬರುವಷ್ಟರಲ್ಲಿ ಅವರ ತುಟಿ ಒಣಗಿ ಬಿರಿದಿರುತ್ತದೆ. ನಾನೂ ಹೀಗೆಯೇ ಪ್ರಯಾಣ ಮಾಡಿದವಳು. ಈಗ 14ರ ನನ್ನ ಮಗಳೂ ಅದನ್ನೇ ಕಲಿಯುತ್ತಿದ್ದಾಳೆ ಎಂದು ಗೊತ್ತಾದ ದಿನ, ದಸರಾ ರಜೆಯ ಪ್ರವಾಸಕ್ಕೆ ಕಾರಿನ ಬದಲು, ಒಳಗೇ ಶೌಚಾಲಯ ಇರುವ ಕ್ಯಾಂಪರ್ ವ್ಯಾನ್ ಮಾಡೋಣ ಎಂದು ಮನೆಯಲ್ಲಿ ಹಟ ಹಿಡಿದೆ.

ವ್ಯಾನ್ ಬಂದದ್ದು ಬೆಂಗಳೂರಿನ ಒಂದು ಬಾಡಿಗೆ ಸಂಸ್ಥೆಯಿಂದ, ಚಾಲಕರ ಸಮೇತ. ಫೋರ್ಸ್ ಟ್ರಾವೆಲರ್ ಗಾಡಿಯ ಒಳಗನ್ನು ಬಿಚ್ಚಿ ಮನೆಯಂತೆ ಕಟ್ಟಿದ್ದರು. ಹಿಂದೆ ಅಡ್ಡಲಾಗಿ ಇಬ್ಬರ ಹಾಸಿಗೆ, ಅದರ ಮೇಲೆ ಮಕ್ಕಳಿಗೆ ಅಟ್ಟದಂತಹ ಇನ್ನೊಂದು, ನಡುವೆ ರಾತ್ರಿ ಹಾಸಿಗೆಯಾಗುವ ಸೋಫಾ, ಇಂಡಕ್ಷನ್ ಒಲೆ, ಸಣ್ಣ ಫ್ರಿಜ್ಜು, ಕಮೋಡ್ ಮತ್ತು ಶವರ್ ಇರುವ ಬಚ್ಚಲು. ದಿನಕ್ಕೆ 11,000 ರೂಪಾಯಿ ಬಾಡಿಗೆ, 200 ಕಿ.ಮೀ. ತನಕ ಡೀಸೆಲ್ ಸೇರಿ. ಮೀರಿದರೆ ಕಿಲೋಮೀಟರಿಗೆ 28. ಚಾಲಕರ ಬತ್ತೆ ದಿನಕ್ಕೆ 700. ನಾವು ಐದು ಜನ, ಐದು ದಿನ, ನಾಲ್ಕು ರಾತ್ರಿ: ಹಾಸನದಿಂದ ಶಿರಾಡಿ ಇಳಿದು ಮಂಗಳೂರು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಗೋಕರ್ಣದವರೆಗೆ, ಬರುವಾಗ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಶಿವಮೊಗ್ಗದ ಮೇಲೆ ಮನೆಗೆ.

ಮೊದಲ ಪಾಠ ಶಿರಾಡಿ ಘಾಟಿಯಲ್ಲಿಯೇ ಆಯಿತು. ಬೆಲ್ಟ್ ಇರುವ, ಮುಂದಕ್ಕೆ ಮುಖ ಮಾಡಿದ ಆಸನಗಳು ಚಾಲಕರದ್ದನ್ನು ಬಿಟ್ಟರೆ ನಾಲ್ಕೇ. ಐದನೆಯವರು ಅಡ್ಡ ಸೋಫಾದಲ್ಲಿ ಕೂರಬೇಕು. ಒಂಬತ್ತು ವರ್ಷದ ಮಗ ಅಲ್ಲಿ ಕುಳಿತು ಗುಂಡ್ಯ ತಲುಪುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿದ. ತಿರುವಿನಲ್ಲಿ ಫ್ರಿಜ್ಜಿನ ಬಾಗಿಲು ತಾನೇ ತೆರೆದುಕೊಂಡು ಅರ್ಧ ಲೀಟರ್ ಹಾಲು ನೆಲಕ್ಕೆ ಚೆಲ್ಲಿತು. ಗಾಡಿ ಮಾಡುವವರು ಎಷ್ಟು ಜನ ಮಲಗಬಹುದು ಎಂದು ಕೇಳುವ ಮೊದಲು ಎಷ್ಟು ಜನ ಬೆಲ್ಟ್ ಹಾಕಿ ಮುಂದಕ್ಕೆ ಮುಖ ಮಾಡಿ ಕೂರಬಹುದು ಎಂದು ಕೇಳಿ. ಸಂಸ್ಥೆ ನಮಗೆ ಮೊದಲನೆಯದನ್ನು ಮಾತ್ರ ಹೇಳಿತ್ತು.

ಇನ್ನು ನಾನು ಯಾವುದಕ್ಕಾಗಿ ಈ ವ್ಯಾನ್ ಮಾಡಿದೆನೋ ಆ ಬಚ್ಚಲಿನ ಮಾತು. ಮೂರಡಿಗಿಂತ ಕಡಿಮೆ ಅಗಲ. ಆದರೆ ಕಮೋಡ್ ಸರಿಯಾದ ಎತ್ತರದಲ್ಲಿದೆ, ಹಿಡಿದುಕೊಳ್ಳಲು ಗೋಡೆಗೆ ಉಕ್ಕಿನ ಹಿಡಿ ಇದೆ, ದೀಪ ಚೆನ್ನಾಗಿದೆ, ಚಿಲಕ ಭದ್ರವಾಗಿದೆ. ಉಪ್ಪಿನಂಗಡಿ ದಾಟಿದ ಮೇಲೆ ಅತ್ತೆಯವರು ಒಮ್ಮೆ ಗಾಡಿ ನಿಲ್ಲಿಸಿಕೊಂಡು ಹೋಗಿ ಬಂದರು. ಬಂದು ಕುಳಿತವರು ಬಾಟಲಿ ಎತ್ತಿ ಗಟಗಟನೆ ಅರ್ಧ ಲೀಟರ್ ನೀರು ಕುಡಿದರು. ಯಾರೂ ಏನೂ ಹೇಳಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿ ಬಂತು. ನಾನು ಮದುವೆಯಾಗಿ 17 ವರ್ಷವಾಯಿತು. ಓಡುವ ಗಾಡಿಯಲ್ಲಿ ಅವರು ಹೀಗೆ ನೀರು ಕುಡಿದದ್ದನ್ನು ಅದುವರೆಗೆ ನೋಡಿರಲಿಲ್ಲ.

ಆ ಅನುಕೂಲವನ್ನು ಉಳಿಸಿಕೊಳ್ಳುವುದಕ್ಕೂ ಕೆಲಸವಿದೆ. ಕಮೋಡಿನ ಕೆಳಗೆ ಕ್ಯಾಸೆಟ್ ಎಂಬ ಪೆಟ್ಟಿಗೆ ಇರುತ್ತದೆ. ನಮ್ಮದು 20 ಲೀಟರಿನದು. ವಾಸನೆ ಬಾರದಂತೆ ನೀಲಿ ದ್ರಾವಣ ಹಾಕಿರುತ್ತಾರೆ. ಐವರೂ ಬಳಸಿದರೆ ಒಂದೂವರೆ ದಿನಕ್ಕೆ ತುಂಬುತ್ತದೆ. ಆದ್ದರಿಂದ ಮನೆಯಲ್ಲಿ ನಿಯಮ ಮಾಡಿದೆವು: ಹಗಲಿನಲ್ಲಿ ವ್ಯಾನಿನ ಶೌಚಾಲಯ ಅತ್ತೆಗೆ, ಮಗಳಿಗೆ, ನನಗೆ, ಗಂಡಸರು ಪೆಟ್ರೋಲ್ ಬಂಕಿನದನ್ನು ಬಳಸಬೇಕು. ತುಂಬಿದ ಪೆಟ್ಟಿಗೆಯನ್ನು ಶೌಚಾಲಯದ ಕಮೋಡಿನಲ್ಲೇ ಖಾಲಿ ಮಾಡಬೇಕು. ತೋಡಿಗೋ ಮರಳಿಗೋ ಸುರಿದರೆ ಅದು ಸೇರುವುದು ಯಾರದೋ ಬಾವಿಗೆ ಇಲ್ಲವೇ ಸಮುದ್ರಕ್ಕೆ. ಕುಂದಾಪುರದಿಂದ ಉತ್ತರಕ್ಕೆ ಎರಡು ಬಂಕಿನವರು ಆಗುವುದಿಲ್ಲ ಎಂದರು. ಭಟ್ಕಳದ ಹತ್ತಿರ ಮೂರನೆಯವರು ಒಪ್ಪಿದರು, ತೊಳೆಯಲು ಪೈಪನ್ನೂ ಕೊಟ್ಟರು. ಸಂಸ್ಥೆಯವರು ಹೊರಡುವ ಮುನ್ನ ಇದಾವುದನ್ನೂ ವಿವರಿಸಿರಲಿಲ್ಲ. ಒಂದು ಹೆಚ್ಚುವರಿ ಕ್ಯಾಸೆಟ್ ಕೊಟ್ಟಿದ್ದರೆ ಮುಕ್ಕಾಲು ತೊಂದರೆ ತಪ್ಪುತ್ತಿತ್ತು.

ಮೊದಲ ರಾತ್ರಿ ಕಾಪುವಿನಲ್ಲಿ. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲಿದೆ. ಮಕ್ಕಳು ಅಪ್ಪನೊಂದಿಗೆ ಅದರ ಕಡೆಗೆ ಓಡಿದರು. ಅತ್ತೆ ಮತ್ತು ನಾನು ವ್ಯಾನಿನ ಪಕ್ಕಕ್ಕೆ ಚಾಚುವ ಮೇಲ್ಕಟ್ಟಿನ ಕೆಳಗೆ ಮಡಚು ಕುರ್ಚಿ ಹಾಕಿ ಕುಳಿತು, ನಮ್ಮದೇ ಡಿಕಾಕ್ಷನ್ನಿನ ಕಾಫಿ ಕುಡಿದೆವು. ರಾತ್ರಿ ಒಂದು ಹೋಂಸ್ಟೇಯ ಅಂಗಳ. 800 ರೂಪಾಯಿಗೆ ನಿಲ್ಲಲು ಜಾಗ, ಬಾವಿಯ ನೀರು, 15 ಆಂಪಿಯರಿನ ಪ್ಲಗ್. ಹೊರಗಿನ ವಿದ್ಯುತ್ ಇದ್ದುದರಿಂದ ಎಸಿ ಬೆಳಗಿನ ತನಕ ಓಡಿತು. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದೆವು, ನನ್ನ ಯಜಮಾನರನ್ನು ಬಿಟ್ಟು. ಅವರ ಎತ್ತರ 5 ಅಡಿ 11 ಅಂಗುಲ. ಹಾಸಿಗೆಯನ್ನು ನಾನೇ ಟೇಪು ಹಿಡಿದು ಅಳೆದೆ: 5 ಅಡಿ 8 ಅಂಗುಲ.

ಎರಡನೆಯ ರಾತ್ರಿಯ ವಿಷಯ ಬೇರೆ. ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಒಂದು ಕಿಟಕಿಯಲ್ಲಿ ಅಲೆ, ಎದುರಿನ ಕಿಟಕಿಯಲ್ಲಿ ತೆಂಗಿನ ಸಾಲು ಮೂಡಿದ ನಿಂತ ನೀರು. ವ್ಯಾನಿನ ಸೋಫಾದಲ್ಲಿ ಕಾಲು ಚಾಚಿಕೊಂಡು ಎರಡನ್ನೂ ಒಟ್ಟಿಗೆ ನೋಡಿದ ಆ ಅರ್ಧ ಗಂಟೆಗೆ ನಾನು ಕೊಟ್ಟ ಬಾಡಿಗೆ ಹೆಚ್ಚಲ್ಲ. ಹೆದ್ದಾರಿಯ ಅಂಚಿನಲ್ಲಿ ರಾತ್ರಿ ತಂಗುವುದು ಅಪಾಯ. ಸ್ವಲ್ಪ ಮುಂದೆ ಒಂದು ಸಣ್ಣ ಹೋಟೆಲಿನವರನ್ನು ಕೇಳಿಕೊಂಡು ಅವರ ಅಂಗಳದಲ್ಲಿ ನಿಲ್ಲಿಸಿದೆವು. ಅಲ್ಲಿ 15 ಆಂಪಿಯರಿನ ಪ್ಲಗ್ ಇರಲಿಲ್ಲ. ರಾತ್ರಿಯಿಡೀ ಎಸಿ ಬ್ಯಾಟರಿಯಲ್ಲೇ ಓಡುತ್ತದೆ ಎಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದ್ದರು, ನಾವು ನಂಬಿದ್ದೆವು.

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಎಸಿ ನಿಂತಿತು. ಫ್ಯಾನೂ ನಿಂತಿತು. ಅಕ್ಟೋಬರಿನ ಕರಾವಳಿ, ಮೈಯೆಲ್ಲ ಬೆವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬ್ಯಾಟರಿಯ ಮೇಲೆ ಬರೆದದ್ದನ್ನು ಬೆಳಿಗ್ಗೆ ಓದಿದೆ: 48 ವೋಲ್ಟ್, 100 ಆಂಪಿಯರ್-ಅವರ್. ಅಂದರೆ ಪೂರ್ತಿ ತುಂಬಿದ್ದರೆ 4.8 ಯೂನಿಟ್. ಎಸಿಗೆ ಗಂಟೆಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಹತ್ತು ಗಂಟೆಗೆ ಹಚ್ಚಿದ ಎಸಿ ಎರಡಕ್ಕೆ ನಿಲ್ಲಲೇಬೇಕು. ಮೊದಲೇ ಕೇಳಿ ಲೆಕ್ಕ ಹಾಕಬೇಕಾಗಿತ್ತು. ನೀವು ಹಾಕಿ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ.

ಕಿಟಕಿ ತೆರೆಯೋಣವೆಂದರೆ ಸಮುದ್ರದ ಕಡೆಯಿಂದ ಗಾಳಿಯೇ ಇಲ್ಲ. ಆಗ ಪಾಠ ನೆನಪಾಯಿತು. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದೇನೆ. ಪೂರ್ವದ ಕಿಟಕಿ ತೆರೆದೆ. ನದಿಯ ಮೇಲಿಂದ ತಣ್ಣನೆಯ ಗಾಳಿ ಒಳಗೆ ಬಂತು. ಮಗಳನ್ನು ಎಬ್ಬಿಸಿ, ಅವಳ ಕೈಯನ್ನು ಆ ಕಿಟಕಿಗೆ ಒಡ್ಡಿಸಿ, "ಇದೇ ಭೂಗಾಳಿ" ಎಂದೆ. "ಬೆಳಿಗ್ಗೆ ಹೇಳಬಹುದಿತ್ತಲ್ಲ ಅಮ್ಮ" ಎಂದಳು. ಬೆಳಿಗ್ಗೆ ಹೊತ್ತೇರಿದ ಮೇಲೆ ಅದು ಇರುವುದಿಲ್ಲ. ಕಡಲ ತಡಿಯಲ್ಲಿ ರಾತ್ರಿ ಗಾಡಿ ನಿಲ್ಲಿಸುವವರು ದೊಡ್ಡ ಕಿಟಕಿ ಪೂರ್ವಕ್ಕೆ ಬರುವಂತೆ ನಿಲ್ಲಿಸಿ. ನಮ್ಮ ಆ ಕಿಟಕಿಗೆ ಸೊಳ್ಳೆಯ ಜಾಲರಿ ಇರಲಿಲ್ಲ. ನನ್ನ ಹತ್ತಿ ಸೀರೆಯೊಂದನ್ನು ಒಂದೇ ಪದರವಾಗಿ ಕಟ್ಟಿದೆವು.

ಮುರ್ಡೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ರಜೆಯ ಜನಸಂದಣಿ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ಅತ್ತೆಯವರೂ ಮೇಲೆ ಹೋಗಿ, 123 ಅಡಿಯ ಶಿವನನ್ನು ಮೇಲಿನಿಂದ ನೋಡಿ ಕೈಮುಗಿದರು. ಗೋಕರ್ಣದ ಬೀದಿಗಳಿಗೆ ಈ ವ್ಯಾನ್ ತೂರುವುದಿಲ್ಲ. ಊರ ಹೊರಗೆ ನಿಲ್ಲಿಸಿ ಆಟೋ ಹಿಡಿಯಬೇಕು. ಎಸಿಯೂ ಸೇರಿ ಗಾಡಿಯ ಎತ್ತರ ಹತ್ತೂವರೆ ಅಡಿ. ಊರೊಳಗಿನ ದಾರಿಗಳಲ್ಲಿ ಜೋತುಬಿದ್ದ ತೆಂಗಿನ ಗರಿ ಮತ್ತು ತಂತಿಗಳನ್ನು ಒಬ್ಬರು ಇಳಿದು ನೋಡಬೇಕಾಗುತ್ತದೆ.

ಮೂರನೆಯ ರಾತ್ರಿ ಹೊನ್ನಾವರದ ಕಾಸರಕೋಡಿನಲ್ಲಿ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರ. ಸ್ನಾನದ ಕೋಣೆ, ಬಟ್ಟೆ ಬದಲಿಸುವ ಜಾಗ ಎಲ್ಲವೂ ಅಲ್ಲಿ ಇದ್ದುದರಿಂದ ವ್ಯಾನಿನ ನೀರು ಉಳಿಯಿತು. ನಮ್ಮ ತೊಟ್ಟಿ 100 ಲೀಟರಿನದು. ಸಮುದ್ರದಲ್ಲಿ ಆಡಿ ಬಂದ ಇಬ್ಬರು ಮಕ್ಕಳ ಮರಳು ತೊಳೆಯುವುದಕ್ಕೇ ಅದರ ಕಾಲು ಭಾಗ ಬೇಕು. ಇಂತಹ ತೀರಗಳ ಪಕ್ಕದಲ್ಲಿಯೇ ನಾಲ್ಕು ವ್ಯಾನುಗಳಿಗೆ ಜಾಗ, ನಲ್ಲಿ, ಪ್ಲಗ್, ಪೆಟ್ಟಿಗೆ ಖಾಲಿ ಮಾಡಲು ಒಂದು ಗುಂಡಿ ಇದ್ದರೆ ಸಾಕು. ಪಕ್ಕದ ಕೇರಳ 2021ರಲ್ಲಿಯೇ ಕ್ಯಾರವಾನ್, ಅಂದರೆ ಇಂತಹ ವ್ಯಾನುಗಳ, ಪ್ರವಾಸಕ್ಕೆಂದು ನೀತಿ ತಂದಿತು. ನಮ್ಮ ಕರಾವಳಿ ಯಾವುದರಲ್ಲಿ ಕಡಿಮೆ?

ಮುಂದೆ ಕಾರವಾರದವರೆಗೆ ಹೋಗುವ ಮನಸ್ಸು ಇತ್ತು. ಆದರೆ ನಾಲ್ಕನೆಯ ದಿನ ಮಳೆ ಹಿಡಿಯಿತು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಮ್ಮ ಚಾಲಕರು ನೆನಪಿಸಿದರು. ಕಡಿದ ಗುಡ್ಡದ ಬುಡದಲ್ಲಿ ಟೀ ಕುಡಿಯಲೂ ಅವರು ಗಾಡಿ ನಿಲ್ಲಿಸಲಿಲ್ಲ. ಅವರ ಮಾತು ಕೇಳಿ ಗೋಕರ್ಣದಲ್ಲಿಯೇ ಉಳಿದೆವು.

ಆ ಚಾಲಕರಿಗೆ ನನ್ನ ಪೂರ್ತಿ ಅಂಕ. ಘಾಟಿಯಲ್ಲಿ ಆತುರವಿಲ್ಲ, ರಾತ್ರಿ ಎಂಟರ ಮೇಲೆ ಗಾಡಿ ಓಡಿಸುವುದಿಲ್ಲ, ಅಂಗಳಕ್ಕೆ ಹೋಗುವ ಮೊದಲು ಮನೆಯವರನ್ನು ಕೇಳಿಯೇ ಹೋಗುತ್ತಾರೆ. ಆದರೆ ಅವರು ಮಲಗುವುದಕ್ಕೆ ಸಂಸ್ಥೆ ಮಾಡಿದ ವ್ಯವಸ್ಥೆ ಮುಂದಿನ ಸೀಟು ಮಾತ್ರ. ನಮ್ಮ ಐವರ ಜೀವ ಹೊತ್ತ ಮನುಷ್ಯ ಕಾಲು ಮಡಚಿ ಮಲಗುವುದನ್ನು ನೋಡಲಾಗಲಿಲ್ಲ. ಎರಡನೆಯ ಬೆಳಿಗ್ಗೆ ಅತ್ತೆಯವರು, "ಬಾರಪ್ಪ, ಮೊದಲು ರೊಟ್ಟಿ ತಿನ್ನು. ಇವತ್ತಿನಿಂದ ನಿನಗೊಂದು ಕೋಣೆ ನೋಡಲು ಹೇಳುತ್ತೇನೆ" ಎಂದರು. ಇಂಡಕ್ಷನ್ ಒಲೆಯ ಮೇಲೆ ಅವರು ತಟ್ಟಿದ ಅಕ್ಕಿರೊಟ್ಟಿ ನಮ್ಮ ಮನೆಯ ರುಚಿಯೇ. ಮುಂದಿನ ರಾತ್ರಿಗಳಿಗೆ 600 ರೂಪಾಯಿಯ ಕೋಣೆ ಮಾಡಿಸಿಕೊಟ್ಟೆವು. ಇದನ್ನು ಬಾಡಿಗೆಯಲ್ಲಿಯೇ ಸೇರಿಸಿ ಕೇಳಿದರೂ ಕೊಡಲು ನಾನು ಸಿದ್ಧ.

ಹಣದ ಲೆಕ್ಕ. ಒಟ್ಟು 1,200 ಕಿ.ಮೀ. ಆಯಿತು. ಅದರಲ್ಲಿ 370 ಬೆಂಗಳೂರಿನಿಂದ ಹಾಸನಕ್ಕೆ ಖಾಲಿ ಬಂದು ಖಾಲಿ ಹೋದದ್ದು, ಏಕೆಂದರೆ ಗ್ಯಾರೇಜಿನಿಂದ ಗ್ಯಾರೇಜಿಗೆ ಎಣಿಸುತ್ತಾರೆ. ಬಾಡಿಗೆ 55,000, ಹೆಚ್ಚುವರಿ ಓಟಕ್ಕೆ 5,600, ಬತ್ತೆ 3,500. ಟೋಲ್ ಬಿಟ್ಟು 64,100. ಇಷ್ಟೇ ದೂರಕ್ಕೆ ದೊಡ್ಡ ಕಾರು ಕಿಲೋಮೀಟರಿಗೆ 18ರಂತೆ, ಬತ್ತೆಯೂ ಸೇರಿ, ನಾಲ್ಕು ರಾತ್ರಿ ಎರಡೆರಡು ಕೋಣೆ ಎಂದರೆ ನಾನು ವಿಚಾರಿಸಿದ ದರದಲ್ಲಿ 52,000 ಆಗುತ್ತಿತ್ತು. ಹನ್ನೆರಡು ಸಾವಿರ ಹೆಚ್ಚು. ಗಟ್ಟಿಮುಟ್ಟಾದ ನಾಲ್ವರು ಹೋಗುವುದಾದರೆ ಕಾರೇ ಸಾಕು ಎಂದು ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರು, ಬೆಳೆಯುತ್ತಿರುವ ಹೆಣ್ಣುಮಕ್ಕಳು ಇದ್ದರೆ ಆ ಹನ್ನೆರಡು ಸಾವಿರವನ್ನು ಬೇರೆ ಎಲ್ಲಿಯಾದರೂ ಉಳಿಸಿ.

ಫೆಬ್ರವರಿಯಲ್ಲಿ ಕಾರವಾರಕ್ಕೆಂದು ಅದೇ ವ್ಯಾನನ್ನು ಮತ್ತೆ ಕೇಳಿದ್ದೇನೆ. ಪೂರ್ವದ ಕಿಟಕಿಗೆ ಜಾಲರಿ, ಎರಡನೆಯ ಕ್ಯಾಸೆಟ್, ಚಾಲಕರಿಗೆ ಕೋಣೆ ಎಂದು ಮೂರು ಬೇಡಿಕೆ ಬರೆದು ಕಳುಹಿಸಿದೆ. ಜಾಲರಿ ಹಾಕಿಸಿದ ಫೋಟೋ ಬಂದಿದೆ. ಉಳಿದ ಎರಡಕ್ಕೆ ಉತ್ತರ ಬಂದ ಮೇಲೆ ಮುಂಗಡ ಕೊಡುತ್ತೇನೆ.