ಮೌಂಟನ್ ಬೈಕಿಗೆ ಮಡ್‌ಗಾರ್ಡ್ ಹಾಕಿಸುವವರೇ, ಅಂಗಡಿಯವರು ಕಂಬಿ ಕತ್ತರಿಸುವ ಮುಂಚೆ ಇದನ್ನು ಓದಿ

ಮ್ಯಾಂಚೆಸ್ಟರ್‌ನಲ್ಲಿಯೋ ಇಂಗ್ಲೆಂಡಿನ ಬೇರೆ ಯಾವುದೇ ಊರಿನಲ್ಲಿಯೋ ಚಳಿಗಾಲದಲ್ಲಿ ಮೌಂಟನ್ ಬೈಕಿನಲ್ಲಿ ಕೆಲಸಕ್ಕೆ ಹೋಗುವ ಕನ್ನಡಿಗರು ಯಾರಾದರೂ ಇದ್ದರೆ, ಮಡ್‌ಗಾರ್ಡ್‌ಗೆ ಹಣ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅಂಗಡಿಯ ಹೆಸರನ್ನು ನಾನು ಹೇಳುವುದಿಲ್ಲ, ಆದರೆ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ನನ್ನದು 29 ಇಂಚಿನ ಚಕ್ರದ ಸೈಕಲ್. ಮುಂದೆ 100 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಫೋರ್ಕ್ ಇದೆ, ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ, ಏಟು ತಡೆಯಲು ಕುಗ್ಗುವ ಕವಲು. ಟೈರಿನ ಅಗಲ 2.25 ಇಂಚು, ಅಂದರೆ ಸುಮಾರು 57 ಮಿಲಿಮೀಟರ್. ಮ್ಯಾಂಚೆಸ್ಟರ್‌ನ ಚೋರ್ಲ್ಟನ್ ಕಡೆಯಿಂದ ಗಾರ್ಟನ್‌ವರೆಗೆ, ಹಿಂದೆ ರೈಲು ಓಡುತ್ತಿದ್ದ ಹಾದಿಯನ್ನೇ ಸೈಕಲ್ ದಾರಿ ಮಾಡಿರುವ ಫ್ಯಾಲೋಫೀಲ್ಡ್ ಲೂಪ್‌ನಲ್ಲಿ ನಾನು ದಿನವೂ ಹೋಗಿಬರುತ್ತೇನೆ. ನವೆಂಬರ್ ಬಂತೆಂದರೆ ಅಲ್ಲಿ ಮರದ ಎಲೆಗಳೆಲ್ಲ ಕೊಳೆತು ನೆಲಕ್ಕೆ ಅಂಟಿಕೊಂಡಿರುತ್ತವೆ. ಹಿಮ ಬೀಳುವ ಸೂಚನೆ ಇದ್ದ ರಾತ್ರಿ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ, ಬೆಳಿಗ್ಗೆ ಆ ಉಪ್ಪುನೀರು ಚೈನಿಗೂ ಬಟ್ಟೆಗೂ ಹಾರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಎದುರಿಗಿರುವ ಕೊಚ್ಚೆ ಕಾಣುವುದೂ ಇಲ್ಲ. ಇದೆಲ್ಲವನ್ನೂ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ಸೈಕಲ್ಲನ್ನೇ ಕೌಂಟರ್ ಮುಂದೆ ನಿಲ್ಲಿಸಿಕೊಂಡು, ಆಫೀಸಿನ ಬಟ್ಟೆಯಲ್ಲೇ ಹೋಗುತ್ತೇನೆ, ಕಾಲು ಮತ್ತು ಬೆನ್ನು ಒದ್ದೆಯಾಗಬಾರದು, ಅಷ್ಟೇ ನನಗೆ ಬೇಕಾಗಿರುವುದು ಎಂದು ಹೇಳಿದ್ದೆ.

ಮಾರಾಟ ಮಾಡುವವರು ಟೈರನ್ನು ಅಳೆಯಲಿಲ್ಲ. ಗೋಡೆಗೆ ನೇತುಹಾಕಿದ್ದ ಒಂದು ಜೋಡಿಯನ್ನು ತೆಗೆದು, "ಇದು 29 ಇಂಚಿನ ಚಕ್ರಕ್ಕೇ ಇರುವುದು, ಯೋಚನೆ ಮಾಡಬೇಡಿ, ನಾವೇ ಕೂರಿಸಿಕೊಡುತ್ತೇವೆ" ಎಂದರು. ಮಡ್‌ಗಾರ್ಡ್‌ಗೆ 35 ಪೌಂಡ್, ಕೂರಿಸುವುದಕ್ಕೆ 20 ಪೌಂಡ್. ಸಂಜೆ ಹೋದಾಗ ಸೈಕಲ್ ಸಿದ್ಧವಾಗಿತ್ತು, ನೋಡುವುದಕ್ಕೆ ಅಚ್ಚುಕಟ್ಟಾಗಿಯೂ ಇತ್ತು.

ಮೊದಲ ಮಳೆಗೇ ಬಣ್ಣ ಬಯಲಾಯಿತು. ಎರಡೂ ಬೂಟುಗಳ ಒಳಗೆ ನೀರು, ಪ್ಯಾಂಟಿನ ಹಿಂಭಾಗದಿಂದ ಕೋಟಿನ ಕುತ್ತಿಗೆಯವರೆಗೆ ಕಂದು ಬಣ್ಣದ ಒಂದೇ ಪಟ್ಟೆ. ಆ ದಿನ ಬೆಳಿಗ್ಗೆಯೇ ಹೊರಗಿನವರೊಂದಿಗೆ ಸಭೆ ಇತ್ತು. ಎಲ್ಲರೂ ಕಾಫಿಗೆ ಎದ್ದು ಹೋದರೂ ನಾನು ಬೆನ್ನು ತೋರಿಸಲು ನಾಚಿ ಕುರ್ಚಿಯಲ್ಲೇ ಕುಳಿತಿದ್ದೆ. ಒದ್ದೆಯಾದದ್ದಾದರೂ ಹೋಗಲಿ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಚಕ್ರದಿಂದ ಕರಕರ ಶಬ್ದ ಬರುತ್ತಿತ್ತು. ಮನೆಗೆ ಬಂದು ಸೈಕಲ್ಲನ್ನು ಮಗುಚಿ ನೋಡಿದರೆ ಮಡ್‌ಗಾರ್ಡ್‌ನ ಒಳಮೈಯಲ್ಲಿ ಟೈರಿನ ಮೇಲಿನ ಉಬ್ಬುಗಳು ಉಜ್ಜಿದ ಕರಿಯ ಗೆರೆಗಳು, ಅದರ ನಡುವೆ ತುರುಕಿಕೊಂಡ ಎಲೆಗಳ ಮುದ್ದೆ. ಇನ್ನೊಂದಿಷ್ಟು ಎಲೆ ಸೇರಿದ್ದರೆ ಮುಂದಿನ ಚಕ್ರ ಅಲ್ಲೇ ಸಿಕ್ಕಿಕೊಂಡು ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಿದ್ದೆ.

ಏಕೆ ಹೀಗಾಯಿತೆಂಬುದು ಸಸ್ಪೆನ್ಷನ್ ಫೋರ್ಕ್ ಬಲ್ಲ ಯಾರಿಗಾದರೂ ಗೊತ್ತಾಗುತ್ತದೆ. ಫೋರ್ಕ್ ಕುಗ್ಗಿದಾಗ ಕೆಳಗಿನ ಕಾಲುಗಳು ಚಕ್ರದ ಜೊತೆಗೇ ಮೇಲಕ್ಕೆ ಬರುತ್ತವೆ, ಮೇಲಿನ ಅಡ್ಡಭಾಗ ಇದ್ದಲ್ಲೇ ಇರುತ್ತದೆ. ಇವರು ಮಡ್‌ಗಾರ್ಡ್‌ನ ತಲೆಯನ್ನು ಮೇಲಿನ ಅಡ್ಡಭಾಗಕ್ಕೂ, ಅದನ್ನು ಹಿಡಿದು ನಿಲ್ಲಿಸುವ ಕಂಬಿಗಳನ್ನು ಅಳತೆಗೆ ಕತ್ತರಿಸಿ ಪ್ಲಾಸ್ಟಿಕ್ ಟೈ ಹಾಕಿ ಕೆಳಗಿನ ಕಾಲುಗಳಿಗೂ ಕಟ್ಟಿದ್ದರು. ಬ್ರೇಕ್ ಹಿಡಿದಾಗಲೆಲ್ಲ ಅದು ಮಡಚಿಕೊಂಡು ಟೈರಿಗೆ ಒತ್ತದೆ ಇನ್ನೇನು ಮಾಡೀತು? ಸೈಕಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಇದು ತಿಳಿಯದೆ? ಇನ್ನು ಅಗಲದ ವಿಷಯ. 29 ಇಂಚಿನ ಚಕ್ರಕ್ಕೂ ರಸ್ತೆ ಸೈಕಲ್ಲುಗಳ 700ಸಿ ಚಕ್ರಕ್ಕೂ ರಿಮ್ಮಿನ ಅಳತೆ ಒಂದೇ, 622 ಮಿಲಿಮೀಟರ್. ಆದ್ದರಿಂದ ತೆಳು ಟೈರಿನ ಸೈಕಲ್ಲಿಗೆ ಮಾಡಿದ ಮಡ್‌ಗಾರ್ಡನ್ನೂ 29ಕ್ಕೆ ಹೊಂದುತ್ತದೆ ಎಂದು ಧಾರಾಳವಾಗಿ ಮಾರಬಹುದು. ನನಗೆ ಮಾರಿದ್ದನ್ನು ಅಳೆದೆ: 46 ಮಿಲಿಮೀಟರ್. ಟೈರು 57, ಅದನ್ನು ಮುಚ್ಚಬೇಕಾದ ಮಡ್‌ಗಾರ್ಡ್ 46! ಟೇಪು ಹಿಡಿದು ನಿಂತಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುದಿನವೇ ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಕೇಳಿ. ಮೊದಲು, "ಮಡ್‌ಗಾರ್ಡ್ ಎಂದ ಮೇಲೆ ಸ್ವಲ್ಪ ನೀರು ಹಾರಿಯೇ ಹಾರುತ್ತದೆ" ಎಂದರು. ಉಜ್ಜಿದ ಗುರುತು ತೋರಿಸಿದರೆ, "ಫೋರ್ಕನ್ನು ಕುಗ್ಗದಂತೆ ಲಾಕ್ ಮಾಡಿಕೊಂಡು ಓಡಿಸಿ" ಎಂದರು. ಅಗಲ ಸಾಲದು ಎಂದರೆ, "ತೆಳು ಟೈರ್ ಹಾಕಿಸಿ, ನಮ್ಮಲ್ಲೇ ಇದೆ" ಎಂದರು! ಹಣ ವಾಪಸ್ ಕೊಡಿ ಎಂದು ಕೇಳಿದಾಗ ವ್ಯವಸ್ಥಾಪಕರು ಹೊರಗೆ ಬಂದು, ಮಡ್‌ಗಾರ್ಡ್ ಕಡೆಗೆ ಒಮ್ಮೆ ನೋಡಿ, "ಕಂಬಿಗಳನ್ನು ಕತ್ತರಿಸಿದ್ದೀರಲ್ಲ, ಕತ್ತರಿಸಿದ ಸಾಮಾನನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದರು.

ಕತ್ತರಿಸಿದವರು ಅವರು. ಅವರೇ, ಅವರ ಅಂಗಡಿಯಲ್ಲೇ, ನನ್ನಿಂದ 20 ಪೌಂಡ್ ಕೂಲಿ ಪಡೆದು ಕತ್ತರಿಸಿದ್ದರು. ರಸೀದಿಯಲ್ಲಿ ಕೂರಿಸುವ ಕೂಲಿ ಎಂದು ಬರೆದಿರುವುದನ್ನು ತೋರಿಸಿದೆ. "ನೀವು ಒಪ್ಪಿದ ಮೇಲೆಯೇ ಕತ್ತರಿಸಿದ್ದು" ಎಂಬ ಉತ್ತರ ಬಂತು. ನಾನು ಒಪ್ಪಿದ್ದು ಹೊಂದುವ ಮಡ್‌ಗಾರ್ಡ್ ಕೂರಿಸುವುದಕ್ಕೆ. ಹೊಂದದ್ದನ್ನು ಕತ್ತರಿಸಿ ಹಾಳುಮಾಡಿ, ಆ ಹಾಳನ್ನೇ ನೆಪ ಮಾಡಿಕೊಂಡು ನನ್ನ ಹಣವನ್ನು ಉಳಿಸಿಕೊಳ್ಳುವುದಕ್ಕೆ ಅಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು, ತಕರಾರು ಮಾಡುವುದಕ್ಕೇ ಬಂದವನೇನೋ ಎಂಬಂತೆ. ಆ ಅವಮಾನವನ್ನು ನಾನು ಮರೆಯುವುದಿಲ್ಲ.

ಇಲ್ಲಿನ ಕಾನೂನು ನಮ್ಮ ಪರವಾಗಿದೆ, ಅದನ್ನು ತಿಳಿದುಕೊಂಡಿರಿ. 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ, ಯಾವ ಕೆಲಸಕ್ಕೆ ಬೇಕೆಂದು ನಾವು ವ್ಯಾಪಾರಿಗೆ ಮೊದಲೇ ತಿಳಿಸಿರುತ್ತೇವೋ ಆ ಕೆಲಸಕ್ಕೆ ಸಾಮಾನು ಒದಗಬೇಕು; ಒದಗದಿದ್ದರೆ 30 ದಿನಗಳೊಳಗೆ ಅದನ್ನು ತಿರಸ್ಕರಿಸಿ ಹಣ ಕೇಳಬಹುದು. ಕೆಲಸವನ್ನು ಸರಿಯಾದ ಎಚ್ಚರ ಮತ್ತು ಕುಶಲತೆಯಿಂದ ಮಾಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ನಾನು ಇದನ್ನೆಲ್ಲ ಬರೆದು, ಅಳತೆಗಳ ಮತ್ತು ಉಜ್ಜಿದ ಗುರುತುಗಳ ಚಿತ್ರಗಳನ್ನು ಸೇರಿಸಿ ಕಳಿಸಿದ ಮೇಲೆ 35 ಪೌಂಡ್ ವಾಪಸ್ ಬಂತು, "ಸೌಜನ್ಯಕ್ಕಾಗಿ" ಎಂಬ ಒಕ್ಕಣೆಯೊಂದಿಗೆ. ಸೌಜನ್ಯವಂತೆ!

ಈಗ ಬೇರೊಬ್ಬ ಮೆಕ್ಯಾನಿಕ್ ಬಳಿ, ಪೂರ್ತಿಯಾಗಿ ಫೋರ್ಕಿನ ಕೆಳಗಿನ ಕಾಲುಗಳಿಗೇ ಕಟ್ಟಿಕೊಂಡು ಚಕ್ರದ ಜೊತೆಗೇ ಏರಿಳಿಯುವ ಮುಂದಿನ ಮಡ್‌ಗಾರ್ಡನ್ನೂ, ಫ್ರೇಮಿನಲ್ಲಿದ್ದ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸುವ 65 ಮಿಲಿಮೀಟರ್ ಅಗಲದ ಹಿಂದಿನದನ್ನೂ ಹಾಕಿಸಿದ್ದೇನೆ. ಅವರು ಮೊದಲು ಮಾಡಿದ ಕೆಲಸವೆಂದರೆ ಟೈರನ್ನು ಅಳೆದದ್ದು. ಎರಡನೆಯದು, ಫೋರ್ಕನ್ನು ಪೂರ್ತಿ ಒತ್ತಿ ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡಿದ್ದು.

ಆದ್ದರಿಂದ ಟೈರಿನ ಅಗಲವನ್ನು ಬರೆದುಕೊಂಡು ಹೋಗಿ, ಮಡ್‌ಗಾರ್ಡ್ ಅದಕ್ಕಿಂತ ಹೆಚ್ಚು ಅಗಲವಿದೆಯೇ ಎಂದು ನಿಮ್ಮ ಕಣ್ಣೆದುರೇ ಅಳೆಸಿ. ಚಕ್ರದ ಇಂಚನ್ನು ಮಾತ್ರ ಹೇಳಿ ಮಾರಲು ಬಂದರೆ ಎದ್ದು ಬನ್ನಿ. ಮುಂದಿನ ಮಡ್‌ಗಾರ್ಡನ್ನು ಎಲ್ಲೆಲ್ಲಿ ಕಟ್ಟುತ್ತಾರೆಂದು ಕೇಳಿ. ಯಾವ ಬಳಕೆಗೆ ಬೇಕೆಂಬುದನ್ನು ರಸೀದಿಯ ಮೇಲೆ ಬರೆಸಿ, ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆಂದು ಬರೆದುಕೊಡುವವರೆಗೆ ಕಂಬಿಗೆ ಕಟರ್ ತಾಗಿಸಲು ಬಿಡಬೇಡಿ. ನನ್ನ 20 ಪೌಂಡ್ ಕೂಲಿ ಇನ್ನೂ ಬಂದಿಲ್ಲ, ಅದಕ್ಕೂ ಪತ್ರ ಬರೆದಿದ್ದೇನೆ.