ಆಕ್ಸ್‌ಫರ್ಡ್ ಕೋವಿಡ್ ಟ್ರ್ಯಾಕರ್: ನಿಯಮದ ಲೆಕ್ಕ ಪಕ್ಕಾ, ನಷ್ಟದ ಲೆಕ್ಕ ಇಲ್ಲ

ಲಾಕ್‌ಡೌನ್‌ನಿಂದ ಉಳಿದದ್ದೆಷ್ಟು, ಕಳೆದದ್ದೆಷ್ಟು ಎಂಬ ವಾದ ಎಲ್ಲೇ ಎದ್ದರೂ ಯಾರಾದರೊಬ್ಬರು ಸರ್ಕಾರದ ನಿರ್ಬಂಧಗಳು ಎಷ್ಟು ಕಠಿಣ ಎಂದು 0ರಿಂದ 100ರೊಳಗೆ ಹೇಳುವ ‘ಸ್ಟ್ರಿಂಜೆನ್ಸಿ ಇಂಡೆಕ್ಸ್’ನ ಗ್ರಾಫ್ ತಂದು ಮುಂದಿಡುತ್ತಾರೆ. ಆ ಅಂಕಿ ಬರುವುದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬ್ಲವಟ್ನಿಕ್ ಸ್ಕೂಲ್ ಆಫ್ ಗವರ್ನಮೆಂಟ್ ಕಟ್ಟಿದ ಟ್ರ್ಯಾಕರ್‌ನಿಂದ. 180ಕ್ಕೂ ಹೆಚ್ಚು ದೇಶಗಳಲ್ಲಿ 2020ರ ಜನವರಿಯಿಂದ 2022ರ ಕೊನೆಯವರೆಗೆ ಯಾವ ದಿನ ಯಾವ ನಿರ್ಬಂಧ ಜಾರಿಯಲ್ಲಿತ್ತು ಎಂಬುದು ಇದರಲ್ಲಿದೆ. ದುಡ್ಡು ಕೊಡಬೇಕಿಲ್ಲ, ಗಿಟ್‌ಹಬ್‌ನಿಂದ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಫೈಲ್ ಇಳಿಸಿಕೊಂಡರೆ ಸಾಕು.

ಒಳ್ಳೆಯದನ್ನು ಮೊದಲು ಹೇಳಬೇಕು. ಪ್ರತಿ ಕ್ರಮಕ್ಕೂ ಒಂದು ಕೋಡ್ ಇದೆ. ಸಿ1 ಶಾಲೆ, ಸಿ2 ಕೆಲಸದ ಜಾಗ, ಸಿ4 ಜನ ಸೇರುವುದು, ಸಿ6 ಮನೆಯಲ್ಲೇ ಇರಬೇಕೆಂಬ ಆದೇಶ, ಹೀಗೆ. ಶಾಲೆಗೆ 0ರಿಂದ 3ರವರೆಗೆ ಅಂಕ: 1 ಎಂದರೆ ಮುಚ್ಚುವಂತೆ ಸಲಹೆ ಅಥವಾ ದೊಡ್ಡ ಬದಲಾವಣೆಗಳೊಂದಿಗೆ ತೆರೆದಿರುವುದು, 2 ಎಂದರೆ ಕೆಲವು ಹಂತದ ತರಗತಿಗಳಿಗೆ ಕಡ್ಡಾಯ, 3 ಎಂದರೆ ಎಲ್ಲವೂ ಬಂದ್. ಆ ಅಂಕ ಯಾಕೆ ಕೊಟ್ಟರು ಎಂಬ ಟಿಪ್ಪಣಿ, ಆಧಾರದ ಲಿಂಕ್ ಸಮೇತ, ಇನ್ನೊಂದು ಫೈಲ್‌ನಲ್ಲಿದೆ. ಇಡೀ ಟ್ರ್ಯಾಕರ್‌ನಲ್ಲಿ ಅತಿ ಬೆಲೆಬಾಳುವುದು ಆ ಟಿಪ್ಪಣಿಗಳೇ. ಆದರೆ ಹೆಚ್ಚಿನವರು ಆ ಫೈಲ್ ತೆರೆಯುವುದೇ ಇಲ್ಲ.

ತೊಂದರೆ ಇರುವುದು ಒಟ್ಟು ಸೂಚ್ಯಂಕದಲ್ಲಿ. ಸಿ1ರಿಂದ ಸಿ8ರವರೆಗಿನ ಎಂಟು ನಿರ್ಬಂಧಗಳಿಗೆ ಪ್ರಚಾರ ಅಭಿಯಾನ, ಅಂದರೆ ಎಚ್1, ಸೇರಿಸಿ ಒಂಬತ್ತರ ಸರಾಸರಿ ತೆಗೆಯುತ್ತಾರೆ. ಹಾಗಾಗಿ ಒಂದು ಬಾಗಿಲನ್ನೂ ಮುಚ್ಚದೆ ದೇಶದಾದ್ಯಂತ ಜಾಗೃತಿ ಪ್ರಚಾರವನ್ನಷ್ಟೇ ಮಾಡಿದ ಸರ್ಕಾರಕ್ಕೂ 11.1 ‘ಕಠಿಣತೆ’ ಸಿಗುತ್ತದೆ. ಇದು ಸಣ್ಣ ತಕರಾರು.

ದೊಡ್ಡದು ವ್ಯಾಪ್ತಿಯದು. ಅಂಕದ ಪಕ್ಕದಲ್ಲಿ ‘ಫ್ಲ್ಯಾಗ್’ ಎಂಬ ಗುರುತಿದೆ: ನಿರ್ಬಂಧ ದೇಶವಿಡೀ ಇದ್ದರೆ ಫ್ಲ್ಯಾಗ್ 1, ಕೆಲವೇ ಪ್ರದೇಶಕ್ಕಿದ್ದರೆ 0. ಫ್ಲ್ಯಾಗ್ 0 ಆದಾಗ ಅಂಕದಿಂದ 0.5 ಕಳೆದು, ಗರಿಷ್ಠ ಅಂಕದಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಒಂದೇ ಒಂದು ಪ್ರಾಂತ್ಯ ತನ್ನ ಶಾಲೆಗಳನ್ನು ಪೂರ್ತಿ ಮುಚ್ಚಿದೆ ಎನ್ನಿ. ದೇಶದ ಮಟ್ಟದ ಅಂಕ ಬರೆಯುವಾಗ ಎಲ್ಲೇ ಇರಲಿ, ಅತಿ ಕಠಿಣವಾದದ್ದನ್ನೇ ಹಿಡಿಯುತ್ತಾರೆ. ಆದ್ದರಿಂದ 3ರಲ್ಲಿ 0.5 ಕಳೆದು 2.5, ಅದನ್ನು 3ರಿಂದ ಭಾಗಿಸಿ 100ರಿಂದ ಗುಣಿಸಿದರೆ 83.3. ಪಕ್ಕದ ದೇಶ ಎಲ್ಲ ಪ್ರೌಢಶಾಲೆಗಳನ್ನೂ ದೇಶಾದ್ಯಂತ ಮುಚ್ಚಿದೆ. ಅದಕ್ಕೆ ಸಿಗುವುದು 66.7. ಎಷ್ಟು ಮಕ್ಕಳು ಮನೆಯಲ್ಲಿ ಕುಳಿತರು ಎಂದು ಕೇಳಿದರೆ ಉತ್ತರ ತಲೆಕೆಳಗು. ದೊಡ್ಡ ಒಕ್ಕೂಟ ದೇಶಗಳ ಗ್ರಾಫ್ 2021ರಲ್ಲೂ ಕೆಳಗಿಳಿಯದೆ ನಿಂತಿರುವುದಕ್ಕೆ ಇದೂ ಒಂದು ಕಾರಣ. ಅಮೆರಿಕ, ಬ್ರೆಜಿಲ್, ಕೆನಡಾಗಳಿಗೆ ರಾಜ್ಯವಾರು ಸಾಲುಗಳಿವೆ. ಅಂಥ ದೇಶಗಳಿಗೆ ಅವನ್ನೇ ತೆಗೆದುಕೊಂಡು ಜನಸಂಖ್ಯೆಯ ತೂಕ ಹಾಕಿ, ರಾಷ್ಟ್ರೀಯ ಸಾಲು ಬೇಡ.

ಇನ್ನೊಂದು: ಈ ಅಂಕಗಳು ಮೆಟ್ಟಿಲು ಮಾತ್ರ, ಅಳತೆಪಟ್ಟಿ ಅಲ್ಲ. ಸಿ4ರಲ್ಲಿ 1 ಎಂದರೆ ಸಾವಿರ ಮೀರಿದ ಸಭೆಗೆ ತಡೆ, 4 ಎಂದರೆ ಹತ್ತು ಜನರ ಅಥವಾ ಅದಕ್ಕೂ ಚಿಕ್ಕ ಕೂಟಕ್ಕೂ ತಡೆ. ಪ್ರತಿ ಮೆಟ್ಟಿಲಿಗೂ 25 ಅಂಕವೇ. ಹೋಟೆಲಿನವರಿಗೂ ಬಾಡಿಗೆ ಹಾಲ್ ನಡೆಸುವವರಿಗೂ ಕೊನೆಯ ಮೆಟ್ಟಿಲು ಮೊದಲನೆಯದರಷ್ಟೇ ಭಾರ ಎಂದು ಯಾರೂ ಹೇಳಲಾರರು. ಸೂಚ್ಯಂಕ 40ರಿಂದ 80ಕ್ಕೆ ಏರಿದರೆ ಕಷ್ಟ ಇಮ್ಮಡಿಯಾಯಿತು ಎಂಬ ವಾಕ್ಯ ಕಂಡರೆ ಆ ಲೇಖನವನ್ನು ಅಲ್ಲಿಗೇ ಬಿಡಬಹುದು.

ಇನ್ನು ಖರ್ಚಿನ ಕಡೆ. ಇ1 ಆದಾಯ ನೆರವು: ಕಳೆದುಕೊಂಡ ಸಂಬಳದ ಅರ್ಧಕ್ಕಿಂತ ಕಡಿಮೆ ತುಂಬಿಕೊಟ್ಟರೆ 1, ಅರ್ಧ ಅಥವಾ ಹೆಚ್ಚಾದರೆ 2. ಇ2 ಸಾಲದ ಕಂತಿಗೆ ವಿನಾಯಿತಿ. ಇವು ಸರ್ಕಾರ ಏನು ಘೋಷಿಸಿತು ಎಂಬುದಷ್ಟೇ ಹೇಳುತ್ತವೆ, ಕೈಗೆ ಎಷ್ಟು ಬಂತು ಎಂಬುದನ್ನಲ್ಲ. ಇ1ರ ಫ್ಲ್ಯಾಗ್ ಮಾತ್ರ ತಪ್ಪದೆ ನೋಡಿ: ನೆರವು ಸಂಬಳದ ಚೀಟಿ ಇರುವವರಿಗೋ, ದಿನಗೂಲಿಯವರಿಗೂ ಇತ್ತೋ ಎಂಬುದು ಅಲ್ಲಿ ತಿಳಿಯುತ್ತದೆ. ಭಾರತದ ಸ್ಟ್ರಿಂಜೆನ್ಸಿ ಅಂಕ 2020ರ ಮಾರ್ಚ್ ಕೊನೆಯಲ್ಲಿ 100 ಮುಟ್ಟಿತು. ಹೆದ್ದಾರಿಗಳಲ್ಲಿ ಊರಿಗೆ ನಡೆದು ಹೊರಟ ಕಾರ್ಮಿಕರು ಆ 100ರಲ್ಲಿ ಎಲ್ಲೂ ಇಲ್ಲ. ಹಾಗೆಂದು ಟ್ರ್ಯಾಕರನ್ನು ದೂರುವಂತಿಲ್ಲ, ಅದನ್ನು ಕಟ್ಟಿದ್ದೇ ನಿಯಮ ಎಣಿಸಲಿಕ್ಕೆ.

ಆದ್ದರಿಂದ ತೂಗಿ ನೋಡುವವರು ಒಟ್ಟು ಸೂಚ್ಯಂಕದ ಕಾಲಂ ಅಳಿಸಿ ಒಂದೊಂದೇ ಕೋಡ್ ಹಿಡಿಯಬೇಕು. ಶಾಲೆಯ ಪ್ರಶ್ನೆಯಾದರೆ ಸಿ1 = 3, ಫ್ಲ್ಯಾಗ್ = 1 ಇರುವ ದಿನಗಳನ್ನು ಎಣಿಸಿ, ರಜೆ ಮತ್ತು ವಾರಾಂತ್ಯ ಕಳೆಯಿರಿ, ಯುನೆಸ್ಕೋದ ಶಾಲಾ ಮುಚ್ಚುಗಡೆ ದಾಖಲೆಯೊಂದಿಗೆ ತಾಳೆ ನೋಡಿ. ಜನ ನಿಜಕ್ಕೂ ಮನೆಯಲ್ಲಿದ್ದರೇ ಎಂದು ತಿಳಿಯಲು, ಫೋನ್‌ಗಳ ಸ್ಥಳ ಮಾಹಿತಿಯಿಂದ ಜನರ ಓಡಾಟ ಅಳೆದ ಗೂಗಲ್ ಮೊಬಿಲಿಟಿ ವರದಿ ಜೋಡಿಸಿ. ಅದು 2020ರ ಜನವರಿ 3ರಿಂದ ಫೆಬ್ರವರಿ 6ರವರೆಗಿನ ಐದು ವಾರಗಳನ್ನು ಆಧಾರವಾಗಿಟ್ಟುಕೊಂಡದ್ದು. ಹಾಗಾಗಿ ಆ ಐದು ವಾರ ನಿಮ್ಮ ದೇಶದಲ್ಲಿ ರಜೆಯ ಕಾಲವಾಗಿದ್ದರೆ ಹೋಲಿಕೆ ವಾಲುತ್ತದೆ. ಸಾವಿಗೆ ವರದಿಯಾದ ಸಂಖ್ಯೆ ಬೇಡ, ಹೆಚ್ಚುವರಿ ಸಾವು (ಮಾಮೂಲಿಯಾಗಿ ನಿರೀಕ್ಷಿಸುವುದಕ್ಕಿಂತ ಹೆಚ್ಚಾದ ಸಾವುಗಳು) ಬಳಸಿ: 2020–21ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 1.49 ಕೋಟಿ, ವರದಿಯಾದದ್ದು ಸುಮಾರು 54 ಲಕ್ಷ.

ಎಲ್ಲಕ್ಕಿಂತ ಹೆಚ್ಚು ಜನ ಜಾರುವುದು ದಿನಾಂಕದಲ್ಲಿ. ಸೋಂಕು ಏರಿದಾಗಲೇ ನಿಯಮ ಬಿಗಿಯಾಗುತ್ತದೆ; ಸಾವು ಕಾಣಿಸುವುದು ಸೋಂಕು ತಗುಲಿದ ಸುಮಾರು ಮೂರು ವಾರದ ಮೇಲೆ. ಒಂದೇ ದಿನದ ಎರಡು ಸಾಲು ಜೋಡಿಸಿದರೆ ನಿರ್ಬಂಧವೇ ಸಾವು ತಂದಂತೆ ಕಾಣುತ್ತದೆ. ನಿರ್ಬಂಧದ ಸಾಲನ್ನು 14, 21, 28 ದಿನ ಸರಿಸಿ ಮೂರು ಸಲ ಲೆಕ್ಕ ಮಾಡಿ. ಮೂರರಲ್ಲೂ ಒಂದೇ ದಿಕ್ಕು ಬರದಿದ್ದರೆ ಆ ತೀರ್ಮಾನ ಪ್ರಕಟಿಸಬೇಡಿ. ದಿನಾಂಕಗಳು 20200325 ಎಂಬಂತೆ ಎಂಟಂಕಿಯಲ್ಲಿವೆ. ಎಕ್ಸೆಲ್ ಅದನ್ನು ಬರೀ ಸಂಖ್ಯೆ ಎಂದುಕೊಳ್ಳುತ್ತದೆ, ಸರಿಸುವ ಮೊದಲು ದಿನಾಂಕವಾಗಿ ಬದಲಿಸಿಕೊಳ್ಳಿ.